ದೇವರ ವಾಗ್ದಾನಗಳ ಅಚಲತೆ

ಕೊಟ್ಟ ಮಾತನ್ನು ದೇವರು ಮುರಿಯುವುದಿಲ್ಲವೆಂಬ ವಿಶ್ವಾಸ ಕ್ರೈಸ್ತಧರ್ಮದ ಬುನಾದಿಗಳಲ್ಲೊಂದು. ದೇವರಲ್ಲಿ ಮಾರ್ಪಾಟಿಲ್ಲವೆಂದು ಮಲಾಕಿಯನ ಗ್ರಂಥವೂ (3:6) ಯಾಕೋಬನ ಪತ್ರಿಕೆಯೂ (1:17) ನೇರವಾಗಿಯೇ ಸಾರುತ್ತವೆ. ಆದರೆ ಈ ಘೋಷಣೆಗಳಿಗಿಂತ ತೂಕದ ಆಧಾರ ಅಬ್ರಹಾಮನ ಕಥೆ. ದೊಡ್ಡ ಜನಾಂಗವಾಗುವೆಯೆಂಬ ಮಾತು ನಂಬಿ ಹೊರಟಾಗ ಅವನಿಗೆ 75 ವರ್ಷ. ಇಸಾಕ ಹುಟ್ಟಿದಾಗ 100. ನಡುವೆ ಅವನ ನಂಬಿಕೆ ಹೊಯ್ದಾಡಿತು, ದಾಸಿ ಹಾಗರಳಿಂದ ಮಗನನ್ನು ಪಡೆದು ತಾನೇ ದಾರಿ ಹುಡುಕಿಕೊಳ್ಳಲು ನೋಡಿದ. ಕೊಟ್ಟ ಮಾತು ಮಾತ್ರ ಹಿಂದೆಗೆಯಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ (6ನೆಯ ಅಧ್ಯಾಯ) ಇದನ್ನೇ ಎತ್ತಿಕೊಂಡು, ತನಗಿಂತ ದೊಡ್ಡವರಿಲ್ಲದ ಕಾರಣ ದೇವರು ತನ್ನ ಮೇಲೆಯೇ ಆಣೆಯಿಟ್ಟನೆಂದು ವಾದಿಸುತ್ತದೆ. ಅಂದರೆ ಅಚಲತೆ ಇರುವುದು ಕೊಟ್ಟವನ ಗುಣದಲ್ಲಿ, ಪಡೆದವನ ನಿರೀಕ್ಷೆಯಲ್ಲಲ್ಲ.

ಹಾಗಾದರೆ ನಿನೆವೆ ಪಟ್ಟಣ ನಾಶವಾಗುವುದೆಂದು ಪ್ರವಾದಿ ಯೋನನಿಂದ ಸಾರಿಸಿದ ದೇವರು ಆಮೇಲೆ ಅದನ್ನು ಕೈಬಿಟ್ಟದ್ದೇಕೆ? ಆಕ್ಷೇಪಣೆ ಹಳೆಯದು, ಹಗುರವಾದದ್ದಲ್ಲ. ಉತ್ತರ ಯೆರೆಮೀಯನಲ್ಲಿದೆ (18:7–10): ಜನ ತಿರುಗಿಕೊಂಡರೆ ಸಾರಿದ ಕೇಡು ನಿಲ್ಲುತ್ತದೆ, ಕೆಟ್ಟರೆ ಆಡಿದ ಒಳಿತೂ ತಪ್ಪುತ್ತದೆ. ಇದು ಯೋನನಿಗೂ ಗೊತ್ತಿತ್ತು. ದೇವರು ಕರುಣಿಸಿಬಿಡುವನೆಂಬ ಶಂಕೆಯಿಂದಲೇ ತಾನು ಓಡಿಹೋದೆನೆಂದು ಅವನೇ ದೂರುತ್ತಾನೆ. ನಿನೆವೆ ಉಳಿದದ್ದು ದೇವರ ಸ್ವಭಾವ ಬದಲಾಗದ್ದರಿಂದ. ಈ ಉತ್ತರ ಎಲ್ಲರಿಗೂ ಸಾಲದು. 1994ರಲ್ಲಿ ದೇವತಾಶಾಸ್ತ್ರಜ್ಞ ಕ್ಲಾರ್ಕ್ ಪಿನ್ನಾಕ್ ಮತ್ತು ಸಂಗಡಿಗರು ಭವಿಷ್ಯ ದೇವರಿಗೂ ತೆರೆದೇ ಇದೆಯೆಂದು ವಾದಿಸಿದರು. ಅವರೂ ದೇವರ ನಿಷ್ಠೆಯನ್ನು ಅಲ್ಲಗಳೆಯಲಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪಣೆ ಹಸಿವಿನದು: ವಾಗ್ದಾನ ಅಚಲವಾದರೆ ನಂಬಿದವರು ಹಸಿಯುವುದೇಕೆ? ಕನ್ನಡ ನಾಡಿನಲ್ಲಿ ಅದು ಬರೀ ತರ್ಕವಾಗಿ ಉಳಿಯಲಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಅಚ್ಚಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಧಾರವಾಡ ಸೀಮೆಗೂ ಹಬ್ಬಿತ್ತು. ಸೊಲ್ಲಾಪುರದ ಕಡೆ ಅಮೆರಿಕನ್ ಮರಾಠಿ ಮಿಷನ್ ಇತ್ತು. ಅಷ್ಟರಲ್ಲಿ 1876–78ರ ಬರ ಬಂತು. ಸೊಲ್ಲಾಪುರದ ಬಳಿಯ ಕಂದಲಗಾಂವ, ಅಕ್ಕಲಕೋಟೆಗಳ ಸೀಮೆಯಿಂದ ಕಲಾದಗಿ, ಧಾರವಾಡ, ಬಳ್ಳಾರಿಯವರೆಗಿನ ಬಯಲುನಾಡು ಒಣಗಿಹೋಯಿತು. ಅನಾಥ ಮಕ್ಕಳನ್ನು ಮಿಷನ್ನುಗಳು ಸಾಕಿದವು. ನೀತಿವಂತನ ಮಕ್ಕಳು ತಿರಿದುಣ್ಣುವುದನ್ನು ಕಾಣೆನೆಂಬ ಅರ್ಥದ ಮಾತು 37ನೆಯ ಕೀರ್ತನೆಯಲ್ಲಿದೆ. ಅದನ್ನು ಒಬ್ಬೊಬ್ಬರಿಗೂ ಕೊಟ್ಟ ಅನ್ನದ ಖಾತರಿಯೆಂದು ಓದುವವರಿಗೆ ಆ ಬರದೆದುರು ಉತ್ತರವಿಲ್ಲ. ಬೆಳೆ ಕೈಕೊಟ್ಟು ಕೊಟ್ಟಿಗೆ ಬರಿದಾದರೂ ದೇವರಲ್ಲಿ ಉಲ್ಲಾಸಪಡುವೆನೆನ್ನುವ ಹಬಕ್ಕೂಕ ಬೈಬಲ್ಲಿನೊಳಗೇ ಇದ್ದಾನೆ. ಅವನು ಹಿಡಿದದ್ದು ಮಳೆಯ ಭರವಸೆಯನ್ನಲ್ಲ, ಕೈಬಿಡದವನನ್ನು. ಹಸಿದವನಿಗೆ ಇದು ಸಾಕಾಗುವ ಉತ್ತರವೇ ಎಂದು ಕೇಳಿದರೆ, ಅಲ್ಲ. ಅದಕ್ಕೇ ಗಂಜಿ ಕಾಯಿಸುವುದೂ ವಿಶ್ವಾಸದ ಭಾಗವಾಗಬೇಕಾಯಿತು.

ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವ ರೂಢಿ ಇಂದು ನಮ್ಮ ಅನೇಕ ಸಭೆಗಳಲ್ಲಿದೆ. ಜರ್ಮನಿಯ ಹೆರ್ನ್‌ಹೂಟಿನ ಮೊರೇವಿಯನ್ ಸಭೆಯವರೂ ಹೀಗೆಯೇ ಚೀಟಿಯಿಂದ ಆರಿಸಿದ ದಿನವಚನಗಳನ್ನು 1731ರಿಂದಲೂ ಅಚ್ಚುಮಾಡುತ್ತ ಬಂದಿದ್ದಾರೆ. ರೂಢಿಯಲ್ಲಿ ತಪ್ಪಿಲ್ಲ, ವಚನವನ್ನು ಅದರ ಅಧ್ಯಾಯದಿಂದ ಕಿತ್ತಾಗ ಮಾತ್ರ ಅದು ಕಣಿಯಾಗುತ್ತದೆ. ಶುಭ ಭವಿಷ್ಯವನ್ನು ಹೇಳುವ ಯೆರೆಮೀಯ 29:11 ಇಂಥ ಚೀಟಿಗಳ ಅಚ್ಚುಮೆಚ್ಚಿನ ವಚನ. ಅದನ್ನು ಬರೆದದ್ದು ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೆ. ಅದರ ಹಿಂದಿನ ವಚನವೇ ಬಿಡುಗಡೆಗೆ 70 ವರ್ಷ ಕಾಯಬೇಕೆನ್ನುತ್ತದೆ. ಆ ಪತ್ರವನ್ನು ಕೇಳಿದ ಹಿರಿಯರಲ್ಲಿ ಬಹುಪಾಲು ಜನರಿಗೆ ಊರಿಗೆ ಮರಳುವಷ್ಟು ಆಯುಷ್ಯ ಉಳಿದಿರಲಿಲ್ಲ.