ಹಳೆಯ ‘ಪ್ರಿನ್ಸ್’ ಗೇಮ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆಯೇ? ಫಾರ್ವರ್ಡ್ ಫೈಲ್ ತೆರೆಯುವ ಮುನ್ನ ಓದಿ

‘ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಆಡುತ್ತಿದ್ದ ಪ್ರಿನ್ಸ್, ಡೇವ್ ಗೇಮ್‌ಗಳು ಈಗ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ! ಈ ಫೈಲ್ ಹಾಕಿಕೊಳ್ಳಿ. ಆಂಟಿವೈರಸ್ ತಡೆದರೆ ಅದನ್ನು ಆಫ್ ಮಾಡಿ.’ ಇಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಏನು ಮಾಡಬೇಕು?

ಹಳೆಯ ಗೇಮ್‌ಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಆಡಬಹುದು ಎಂಬುದು ನಿಜ. ಆದರೆ ಅದಕ್ಕೆ ಆಂಟಿವೈರಸ್ ಆಫ್ ಮಾಡಬೇಕು ಎಂಬುದು ಸುಳ್ಳು.

ಹಳೆಯ ಗೇಮ್ ನೇರವಾಗಿ ಏಕೆ ಓಡುವುದಿಲ್ಲ?

ಜೋರ್ಡನ್ ಮೆಕ್ನರ್ ರೂಪಿಸಿದ ಪ್ರಿನ್ಸ್ ಆಫ್ ಪರ್ಷಿಯಾ 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆ ಬಂತು. ನಮ್ಮಲ್ಲಿ ಹಲವರು ಆಡಿದ್ದು ಅದರ ಡಾಸ್ ಆವೃತ್ತಿಯನ್ನು. ಡಾಸ್ ಕಾಲದ ಇಂಥ ಗೇಮ್‌ಗಳು 16-ಬಿಟ್ ಪ್ರೋಗ್ರಾಂಗಳು. ಇಂದಿನ 64-ಬಿಟ್ ವಿಂಡೋಸ್ ಅವುಗಳನ್ನು ಓಡಿಸುವುದಿಲ್ಲ. ಫೈಲ್ ಕೆಟ್ಟಿರುವುದಿಲ್ಲ, ಅದಕ್ಕೆ ಬೇಕಾದ ಯಂತ್ರ ಈಗ ಇಲ್ಲ, ಅಷ್ಟೆ.

ಎಮ್ಯುಲೇಟರ್ ಏನು ಮಾಡುತ್ತದೆ?

ಆ ಹಳೆಯ ಯಂತ್ರವನ್ನೇ ಸಾಫ್ಟ್‌ವೇರ್ ರೂಪದಲ್ಲಿ ಕಟ್ಟಿಕೊಡುತ್ತದೆ. 2002ರಿಂದ ಉಚಿತವಾಗಿ ಸಿಗುತ್ತಿರುವ ಡಾಸ್‌ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಪ್ರೊಸೆಸರ್, ವಿಜಿಎ ಪರದೆ, ಸೌಂಡ್ ಬ್ಲಾಸ್ಟರ್ ಕಾರ್ಡ್ ಎಲ್ಲವನ್ನೂ ಅದು ಅನುಕರಿಸುತ್ತದೆ. ಗೇಮ್ ಕೊಡುವ ಆದೇಶವನ್ನು ದುಭಾಷಿಯಂತೆ ಹೊಸ ಕಂಪ್ಯೂಟರಿಗೆ ದಾಟಿಸುತ್ತದೆ.

ವೇಗವನ್ನೂ ಅದೇ ಹಿಡಿದಿಡುತ್ತದೆ. 1981ರ ಐಬಿಎಂ ಪಿಸಿಯ ಪ್ರೊಸೆಸರ್ ವೇಗ 4.77 ಮೆಗಾಹರ್ಟ್ಸ್ ಮಾತ್ರ. ಆ ವೇಗವನ್ನೇ ಗಡಿಯಾರವಾಗಿ ನಂಬಿ ಬರೆದ ಕೆಲವು ಗೇಮ್‌ಗಳು ವೇಗದ ಯಂತ್ರದಲ್ಲಿ ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತವೆ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ.

ಬಳಸುವುದು ಹೇಗೆ?

ಡಾಸ್‌ಬಾಕ್ಸ್‌ ಅನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಗೇಮಿನ ಫೈಲನ್ನು ಎಳೆದು ಡಾಸ್‌ಬಾಕ್ಸ್ ಐಕಾನ್ ಮೇಲೆ ಬಿಟ್ಟರೆ ಸಾಕು. ಏನನ್ನೂ ಇಳಿಸಿಕೊಳ್ಳುವುದು ಬೇಡ ಎನ್ನುವವರಿಗೆ ಇಂಟರ್ನೆಟ್ ಆರ್ಕೈವ್ ತಾಣವಿದೆ. ಅಲ್ಲಿ ಸಾವಿರಾರು ಡಾಸ್ ಗೇಮ್‌ಗಳು ಬ್ರೌಸರಿನಲ್ಲೇ ಓಡುತ್ತವೆ.

ಮೋಸದ ಫೈಲ್ ಗುರುತಿಸುವುದು ಹೇಗೆ?

• ಗಾತ್ರ ನೋಡಿ. ಪ್ರಿನ್ಸ್‌ನಂಥ ಗೇಮ್ ಫ್ಲಾಪಿಯಲ್ಲಿ ಬರುತ್ತಿತ್ತು. ಸಾಮಾನ್ಯ ಫ್ಲಾಪಿಯಲ್ಲಿ ಹಿಡಿಸುತ್ತಿದ್ದುದೇ 1.44 ಎಂಬಿ. ಅದೇ ಗೇಮ್ ನೂರಾರು ಎಂಬಿ ಇದ್ದರೆ ಜೊತೆಗೆ ಬೇರೇನೋ ಸೇರಿದೆ.
• ಡಬಲ್ ಕ್ಲಿಕ್ ಮಾಡಿದ ಕೂಡಲೇ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆಗಲು ಹೊರಟರೆ, ಅದು ಬರೀ ಹಳೆಯ ಗೇಮ್ ಅಲ್ಲ, ಹೊಸ ಕಾಲದ ಪ್ರೋಗ್ರಾಂ. ಅದನ್ನು ಕಟ್ಟಿದವರು ಯಾರೆಂದು ಗೊತ್ತಿಲ್ಲದಿದ್ದರೆ ಮುಟ್ಟಬೇಡಿ.
• ಮೊಬೈಲ್‌ಗೆ ಎಪಿಕೆ ಫೈಲ್ ಬಂದು, ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಕೂಡಲೇ ಅಳಿಸಿ. ಗೇಮ್ ಆಡಲು ನಿಮ್ಮ ಒಟಿಪಿ ಬೇಕಾಗಿಲ್ಲ.

ಹಳೆಯದೆಲ್ಲ ಉಚಿತವೇ?

ಅಲ್ಲ. ಅಂಗಡಿಯಲ್ಲಿ ಸಿಗುವುದು ನಿಂತ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿಯುವುದಿಲ್ಲ. ಎಮ್ಯುಲೇಟರ್ ಉಚಿತವಾಗಿದ್ದರೂ ಗೇಮ್ ಉಚಿತವಾಗಿರಬೇಕೆಂದಿಲ್ಲ. 1993ರ ಡೂಮ್ ಗೇಮಿನ ಮೊದಲ ಭಾಗವನ್ನು ಹಂಚಲು ತಯಾರಕರೇ ಅನುಮತಿ ಕೊಟ್ಟಿದ್ದರು. ಉಳಿದ ಭಾಗಗಳಿಗೆ ದುಡ್ಡು ಕೊಡಬೇಕಿತ್ತು. ಜಿಒಜಿಯಂಥ ತಾಣಗಳು ಹಲವು ಹಳೆಯ ಗೇಮ್‌ಗಳನ್ನು ಡಾಸ್‌ಬಾಕ್ಸ್ ಸಮೇತ ಮಾರುತ್ತವೆ.

ನಮ್ಮ ಸಲಹೆ ಇಷ್ಟೇ: ಬಾಲ್ಯದ ಗೇಮ್ ಖಂಡಿತ ಆಡಿ, ಮಕ್ಕಳಿಗೂ ತೋರಿಸಿ. ಆದರೆ ಆಂಟಿವೈರಸ್ ಆಫ್ ಮಾಡಿ ಎನ್ನುವ ಫಾರ್ವರ್ಡ್ ಯಾರೇ ಕಳಿಸಿದ್ದರೂ ಅದನ್ನು ಮುಂದಕ್ಕೆ ಕಳಿಸಬೇಡಿ.