ಉಲ್ಲಾಸ ಕಾರಂತ

ಕೆ. ಉಲ್ಲಾಸ ಕಾರಂತ (ಜನನ: 1948, ಪುತ್ತೂರು) ಭಾರತದ ವನ್ಯಜೀವಿ ವಿಜ್ಞಾನಿ. ಹುಲಿಗಳ ಸಂಖ್ಯೆಯನ್ನು ಅಂದಾಜಿಸಲು ಅವರು ರೂಪಿಸಿದ ಕ್ಯಾಮರಾ ಟ್ರ್ಯಾಪ್ ವಿಧಾನ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದ ಸಾಹಿತಿ ಕೆ. ಶಿವರಾಮ ಕಾರಂತ ಇವರ ತಂದೆ.

ಶಿಕ್ಷಣ ಮತ್ತು ಆರಂಭಿಕ ಕಾರ್ಯ

ಸುರತ್ಕಲ್‌ನ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ (ಈಗಿನ ಎನ್‌ಐಟಿಕೆ) ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದ ಕಾರಂತರು, ಕೆಲಕಾಲ ಇಂಜಿನಿಯರ್ ಆಗಿಯೂ ಕೃಷಿಕರಾಗಿಯೂ ಇದ್ದು, ಬಳಿಕ ವನ್ಯಜೀವಿ ಅಧ್ಯಯನಕ್ಕೆ ಹೊರಳಿದರು. 1988ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ, 1993ರಲ್ಲಿ ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿಯನ್ನೂ ಪಡೆದರು. ನ್ಯೂಯಾರ್ಕ್ ಮೂಲದ ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯಲ್ಲಿ ದೀರ್ಘಕಾಲ ಕಾರ್ಯನಿರ್ವಹಿಸಿದ ಇವರು ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯ ಸ್ಥಾಪಕರು.

1980ರ ದಶಕದಲ್ಲಿ ಇವರು ಪಶ್ಚಿಮ ಘಟ್ಟದ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಕಾರ್ಕಳದ ಘಟ್ಟದಂಚನ್ನೂ ಒಳಗೊಂಡ ಕುದುರೆಮುಖದ ಮಳೆಕಾಡು ಈ ಪ್ರಾಣಿಯ ಮುಖ್ಯ ನೆಲೆಯೆಂಬುದನ್ನು ಆ ಸಮೀಕ್ಷೆ ತೋರಿಸಿತು. 1987ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು.

ಹುಲಿ ಗಣತಿಯ ವಿವಾದ

ಹೆಜ್ಜೆಗುರುತು ನೋಡಿ ಪ್ರತಿಯೊಂದು ಹುಲಿಯನ್ನೂ ಗುರುತಿಸಬಹುದೆಂಬ ನಂಬಿಕೆಯ ಮೇಲೆ ದೇಶದ ಅಧಿಕೃತ ಗಣತಿ ದಶಕಗಳ ಕಾಲ ನಡೆಯುತ್ತಿತ್ತು. ಮಣ್ಣಿನ ಗುಣ, ನಡಿಗೆಯ ವೇಗ, ಗುರುತು ತೆಗೆಯುವವನ ಕೈ ಬದಲಾದಂತೆ ಒಂದೇ ಹುಲಿಯ ಹೆಜ್ಜೆಯೂ ಬೇರೆಯಾಗಿ ಕಾಣುತ್ತದೆ. ಈ ವಿಧಾನದ ದೋಷಗಳನ್ನು ಕಾರಂತರು 1987ರಲ್ಲಿಯೇ ವಿಮರ್ಶಿಸಿದ್ದರು. ಅದಕ್ಕೆ ಬದಲಾಗಿ ನಾಗರಹೊಳೆಯಲ್ಲಿ ತಾನೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಕಾಡಿನ ದಾರಿಗಳಲ್ಲಿ ಇರಿಸಿದರು. ಪ್ರತಿ ಹುಲಿಯ ಮೈಮೇಲಿನ ಪಟ್ಟೆಗಳ ವಿನ್ಯಾಸ ಬೇರೆಯಾಗಿರುವುದರಿಂದ, ಒಂದೇ ಹುಲಿ ಎಷ್ಟು ಬಾರಿ ಸಿಕ್ಕಿತೆಂಬ ಲೆಕ್ಕದಿಂದ ಕ್ಯಾಮರಾಕ್ಕೆ ಸಿಗದ ಹುಲಿಗಳ ಸಂಖ್ಯೆಯನ್ನೂ ಅಂದಾಜಿಸಬಹುದು. ಈ ಕುರಿತ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆಗೂಡಿ 1998ರಲ್ಲಿ ಅದನ್ನು ವಿಸ್ತರಿಸಿದರು.

ರಾಜಸ್ಥಾನದ ಸರಿಸ್ಕಾದಲ್ಲಿ ಗಣತಿಯ ಕಡತದಲ್ಲಿದ್ದ ಹುಲಿಗಳು ಕಾಡಿನಲ್ಲಿ ಇಲ್ಲವೆಂಬುದು 2005ರಲ್ಲಿ ಬಯಲಾದ ನಂತರವೇ ಸರ್ಕಾರ ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟಿತು. ಹೊಸ ರಾಷ್ಟ್ರೀಯ ಅಂದಾಜಿನಲ್ಲಿ ಕ್ಯಾಮರಾ ಟ್ರ್ಯಾಪ್ ಸೇರಿತಾದರೂ ವಿವಾದ ಮುಗಿಯಲಿಲ್ಲ. ಅದರಲ್ಲಿ ಬಳಸಿದ ಸಂಖ್ಯಾಶಾಸ್ತ್ರೀಯ ಕ್ರಮವನ್ನು ಪ್ರಶ್ನಿಸಿ ಕಾರಂತರು ಸಹಲೇಖಕರಾಗಿದ್ದ ಪ್ರಬಂಧವೊಂದು 2015ರಲ್ಲಿ ಪ್ರಕಟವಾಯಿತು.

ಬೇಟೆಯ ಪ್ರಾಣಿಗಳ ಸಾಂದ್ರತೆಯೇ ಹುಲಿಗಳ ಸಾಂದ್ರತೆಯನ್ನು ನಿರ್ಧರಿಸುತ್ತದೆ ಎಂಬುದು ಇವರ ಮತ್ತೊಂದು ಪ್ರತಿಪಾದನೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ಪ್ರಾಣಿಗಳನ್ನು ಕೊಲ್ಲುವುದರಿಂದ ಅದರ ಉಳಿವಿಗೆ ಸುಮಾರು 500 ಬೇಟೆಪ್ರಾಣಿಗಳು ಬೇಕು. ಆದ್ದರಿಂದ ಜಿಂಕೆ, ಕಡವೆ, ಕಾಟಿಗಳ ಕಳ್ಳಬೇಟೆಯೂ ಹುಲಿಯ ಅಳಿವಿಗೆ ಕಾರಣವಾಗುತ್ತದೆ.

ಪ್ರಶಸ್ತಿಗಳು

ವಿಶ್ವ ವನ್ಯಜೀವಿ ನಿಧಿಯ ಜೆ. ಪಾಲ್ ಗೆಟ್ಟಿ ಪ್ರಶಸ್ತಿ (2007), ಪದ್ಮಶ್ರೀ (2012).