ಪಕ್ಷ ಕಳಚಿತು, ಮತ ಉಳಿಯಿತು: ಹನೂರು–ಕೊಳ್ಳೇಗಾಲ ಸೀಮೆಯಲ್ಲಿ ಮತದಾರರ ನಿರಾಸೆಯ ಚರಿತ್ರೆ

ಪ್ರಸ್ತಾವನೆ

2024ರ ಏಪ್ರಿಲ್ 26ರಂದು ಚಾಮರಾಜನಗರ ಲೋಕಸಭಾ ಕ್ಷೇತ್ರದ ಮತದಾನ ನಡೆಯುತ್ತಿತ್ತು. ಅಂದು ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿರುವ ಇಂಡಿಗನತ್ತದಲ್ಲಿ ಮತಗಟ್ಟೆಯೇ ಧ್ವಂಸವಾಯಿತು. ರಸ್ತೆ, ನೀರು, ಕರೆಂಟು ಕೊಡದ ಸರ್ಕಾರಕ್ಕೆ ಓಟೂ ಇಲ್ಲವೆಂದು ಊರವರು ಬಹಿಷ್ಕಾರ ಸಾರಿದ್ದರು. ಅಧಿಕಾರಿಗಳು ಮನವೊಲಿಸಲು ಹೋದಾಗ ಮಾತಿಗೆ ಮಾತು ಬೆಳೆದು ಮತಯಂತ್ರ, ಮೇಜು, ಕುರ್ಚಿ ಪುಡಿಯಾದವು. ಮೂರು ದಿನದ ನಂತರ ಮರುಮತದಾನ ನಡೆಯಿತು. 528 ಮತದಾರರ ಪೈಕಿ ಮತ ಹಾಕಿದವರು 71 ಮಂದಿ.

ಮತದಾರರು ಪಕ್ಷಗಳ ಮೇಲೆ ನಂಬಿಕೆ ಕಳೆದುಕೊಳ್ಳುವ ವಿದ್ಯಮಾನವನ್ನು ರಾಜ್ಯಶಾಸ್ತ್ರಜ್ಞರು ಹೆಚ್ಚಾಗಿ ಅಮೆರಿಕದ ಉದಾಹರಣೆಯಿಂದ ವಿವರಿಸುತ್ತಾರೆ. ಅಲ್ಲಿ 1964ರಲ್ಲಿ ನೂರಕ್ಕೆ 77 ಜನ ಕೇಂದ್ರ ಸರ್ಕಾರವನ್ನು ಬಹುಪಾಲು ನಂಬುತ್ತೇವೆ ಎಂದಿದ್ದರು. ಈಚಿನ ವರ್ಷಗಳಲ್ಲಿ ಆ ಪ್ರಮಾಣ 20ರ ಆಸುಪಾಸಿಗೆ ಇಳಿದಿದೆ. ತಾವು ಯಾವ ಪಕ್ಷದವರೂ ಅಲ್ಲ ಎನ್ನುವವರು ನೂರಕ್ಕೆ 40ನ್ನು ಮೀರಿದ್ದಾರೆ. ಪಕ್ಷಗಳು ಮತ ಹಾಕಿದವರ ಮಾತಿಗಿಂತ ಹಣ ಕೊಟ್ಟವರ ಮಾತನ್ನು ಕೇಳುತ್ತವೆ ಎಂಬುದು ಅಲ್ಲಿನವರ ಮುಖ್ಯ ದೂರು. ಇದೇ ಅಳತೆಗೋಲು ಹನೂರು ಬಳಿಯ ಅಜ್ಜೀಪುರಕ್ಕೂ ಇಂಡಿಗನತ್ತಕ್ಕೂ ಹೊಂದುತ್ತದೆಯೇ ಎಂಬುದು ಈ ಲೇಖನದ ಪ್ರಶ್ನೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಚುನಾವಣಾ ಫಲಿತಾಂಶಗಳು, ನ್ಯಾಯಾಲಯದ ತೀರ್ಪುಗಳು ಮತ್ತು ಚುನಾವಣಾ ಬಾಂಡ್‌ಗಳ ದಾಖಲೆಗಳು ಇಲ್ಲಿನ ಆಧಾರ. ಈ ಸೀಮೆಯ ಮತದಾರ ಪಕ್ಷವನ್ನು ಎಂದೋ ಕೈಬಿಟ್ಟಿದ್ದಾನೆ, ಮತವನ್ನು ಮಾತ್ರ ಬಿಟ್ಟಿಲ್ಲ. ಆತನ ಪಾಲಿಗೆ ಅದು ಚೌಕಾಸಿಗೆ ಉಳಿದಿರುವ ಒಂದೇ ಒಂದು ವಸ್ತು ಎಂಬುದು ಇಲ್ಲಿನ ವಾದ.

ಮೂರು ಆಡಳಿತ ಕಂಡ ಸೀಮೆ

ಹನೂರಿನಿಂದ ರಾಮಾಪುರಕ್ಕೆ ಹೋಗುವ ದಾರಿಯಲ್ಲಿರುವ ಅಜ್ಜೀಪುರ ಈಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಹೀಗಾಗಿ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕೊಳ್ಳೇಗಾಲದವರು ಆರಿಸಿದ್ದು ಮದರಾಸು ವಿಧಾನಸಭೆಗೆ, ಯಳಂದೂರಿನವರು ಆರಿಸಿದ್ದು ಮೈಸೂರು ವಿಧಾನಸಭೆಗೆ. ಐದು ವರ್ಷದ ಬಳಿಕ ಇಬ್ಬರೂ ಒಂದೇ ಸಭೆಗೆ ಪ್ರತಿನಿಧಿಗಳನ್ನು ಕಳಿಸಿದರು. 1997ರಲ್ಲಿ ಮೈಸೂರು ಜಿಲ್ಲೆ ಒಡೆದು ಚಾಮರಾಜನಗರ ಜಿಲ್ಲೆಯಾದಾಗ ಕಚೇರಿಯ ದಾರಿ ಮತ್ತೊಮ್ಮೆ ಬದಲಾಯಿತು.

ಜಿಲ್ಲಾ ಕೇಂದ್ರ ಇಷ್ಟು ಸಲ ಜಾಗ ಬದಲಿಸಿದ ಕಡೆ ಜನ ಸರ್ಕಾರವನ್ನು ಗುರುತಿಸುವುದು ಕಚೇರಿಯಿಂದಲ್ಲ, ಆ ಕಚೇರಿಗೆ ತಮ್ಮ ಜೊತೆ ಬರಬಲ್ಲ ಮನುಷ್ಯನಿಂದ. ಪಕ್ಷಕ್ಕಿಂತ ವ್ಯಕ್ತಿ ದೊಡ್ಡವನಾಗಲು ಜಾತಿ ಲೆಕ್ಕಾಚಾರವೊಂದೇ ಕಾರಣವಲ್ಲ. ಆಡಳಿತದ ಈ ದೂರವೂ ಕಾರಣ.

ಮನೆತನವೇ ಪಕ್ಷವಾದ ಹನೂರು

ಹನೂರು ಕ್ಷೇತ್ರದ ರಾಜಕೀಯ ದಶಕಗಳ ಕಾಲ ಎರಡು ಮನೆಗಳ ನಡುವೆ ಓಡಾಡಿತು. ಒಂದು ಕಾಂಗ್ರೆಸ್ಸಿನ ಜಿ. ರಾಜುಗೌಡರದು, ಇನ್ನೊಂದು ಜನತಾ ಪರಿವಾರದ ಎಚ್. ನಾಗಪ್ಪನವರದು. ಮಾಜಿ ಸಚಿವ ನಾಗಪ್ಪನವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಡಿಸೆಂಬರಿನಲ್ಲಿ ಅವರ ಶವ ಚಂಗಡಿ ಕಾಡಿನಲ್ಲಿ ಸಿಕ್ಕಿತು. 2004ರಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಗೆದ್ದರು. 2008, 2013, 2018ರಲ್ಲಿ ಸತತ ಮೂರು ಬಾರಿ ರಾಜುಗೌಡರ ಮಗ ಆರ್. ನರೇಂದ್ರ ಗೆದ್ದರು. 2018ರ ಹೊತ್ತಿಗೆ ನಾಗಪ್ಪನವರ ಮಗ ಪ್ರೀತನ್ ಬಿಜೆಪಿ ಅಭ್ಯರ್ಥಿ. ದಳದ ಮನೆ ಕಮಲದ ಮನೆಯಾಯಿತು. ಆದರೂ ಸ್ಪರ್ಧೆ ನಡೆದದ್ದು ಅದೇ ಎರಡು ಮನೆಗಳ ನಡುವೆ. ಪಕ್ಷವೆಂಬುದು ಮನೆಯ ಗೋಡೆಗೆ ಬಳಿದ ಬಣ್ಣದಂತಿತ್ತು.

ಈ ಚಕ್ರ ನಿಂತದ್ದು 2023ರಲ್ಲಿ. ಆ ವರ್ಷ ಜೆಡಿಎಸ್‌ನ ಎಂ.ಆರ್. ಮಂಜುನಾಥ್ 17 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ನರೇಂದ್ರರನ್ನು ಸೋಲಿಸಿದರು, ಪ್ರೀತನ್ ಮೂರನೆಯವರಾದರು. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು, ಜೆಡಿಎಸ್ 19ಕ್ಕೆ ಕುಸಿದಿದ್ದ ವರ್ಷವಿದು. ಅಂಥ ಗಾಳಿಗೆ ಎದುರಾಗಿ ಹನೂರು ಜೆಡಿಎಸ್ಸನ್ನು ಆರಿಸಿತೆಂದರೆ ಅದನ್ನು ಆ ಪಕ್ಷದ ಮೇಲಿನ ಒಲವೆಂದು ಓದುವುದು ಕಷ್ಟ. ಮಂಜುನಾಥ್ 2018ರಲ್ಲೂ ನಿಂತು ಸೋತು, ಕ್ಷೇತ್ರ ಬಿಡದೆ ಉಳಿದವರು. ಎರಡೂ ಮನೆಗಳು ಸಾಕೆನಿಸಿದವರಿಗೆ ಕಣ್ಣೆದುರಿಗಿದ್ದ ಮೂರನೆಯ ಬಾಗಿಲು ಅದು.

ಒಂದು ಮತದಿಂದ ಐವತ್ತೊಂಬತ್ತು ಸಾವಿರಕ್ಕೆ

ಕೊಳ್ಳೇಗಾಲ–ಯಳಂದೂರು ಕಡೆಯ ಕಥೆ ಇನ್ನೂ ತೊಡಕಿನದು. 2004ರಲ್ಲಿ ಕೊಳ್ಳೇಗಾಲ ಎಲ್ಲ ಪಕ್ಷಗಳನ್ನೂ ಬದಿಗಿಟ್ಟು ಪಕ್ಷೇತರ ಎಸ್. ಬಾಲರಾಜ್ ಅವರನ್ನು ಗೆಲ್ಲಿಸಿತು. ಅದೇ ಚುನಾವಣೆಯಲ್ಲಿ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದು ಓಟಿನಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಇಂದಿಗೂ ಕೊಡುವ ಉತ್ತರ ಇದು. ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಅಳಿಸಿಹೋಯಿತು.

ಕೃಷ್ಣಮೂರ್ತಿಯವರ ಮುಂದಿನ ಹೆಜ್ಜೆಗಳನ್ನು ಗಮನಿಸಬೇಕು. 2009ರ ಲೋಕಸಭಾ ಚುನಾವಣೆಯಲ್ಲಿ ಅವರು ಬಿಜೆಪಿ ಅಭ್ಯರ್ಥಿಯಾಗಿ ಅದೇ ಧ್ರುವನಾರಾಯಣ ಎದುರು ಸುಮಾರು 4 ಸಾವಿರ ಮತಗಳಿಂದ ಸೋತರು. 2018ರಲ್ಲಿ ಕಾಂಗ್ರೆಸ್ಸಿನಿಂದ ಕೊಳ್ಳೇಗಾಲದಲ್ಲಿ ನಿಂತು 19 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಸೋತರು. 2023ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಸುಮಾರು 59 ಸಾವಿರ ಮತಗಳ ಅಂತರದಲ್ಲಿ ಗೆದ್ದರು. ಮೂರು ಪಕ್ಷಗಳ ಟಿಕೆಟಿನಲ್ಲೂ ಸೋಲು, ಆಮೇಲೆ ಒಂದು ಭಾರಿ ಗೆಲುವು.

ಅವರನ್ನು 2018ರಲ್ಲಿ ಸೋಲಿಸಿದವರು ಬಿಎಸ್‌ಪಿಯ ಎನ್. ಮಹೇಶ್. ಹಲವು ಚುನಾವಣೆಗಳಲ್ಲಿ ಸೋತರೂ ಆನೆ ಗುರುತನ್ನು ಬಿಡದೆ, ಊರೂರಿನ ದಲಿತ ಕೇರಿಗಳಲ್ಲಿ ಸಂಘಟನೆ ಕಟ್ಟಿದ್ದವರು. ಆ ಗೆಲುವಿನ ನಂತರ ಜೆಡಿಎಸ್–ಕಾಂಗ್ರೆಸ್ ಮೈತ್ರಿ ಸರ್ಕಾರದಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈ 23ರ ವಿಶ್ವಾಸಮತಕ್ಕೆ ಗೈರಾದ ಕಾರಣ ಪಕ್ಷದಿಂದ ಉಚ್ಚಾಟನೆಗೊಂಡರು. 2021ರ ಆಗಸ್ಟಿನಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಕೃಷ್ಣಮೂರ್ತಿಯವರ ಎದುರು ಸೋತವರು ಬಿಜೆಪಿಯ ಇದೇ ಮಹೇಶ್.

ಇದನ್ನು ಪಕ್ಷಾಂತರಕ್ಕೆ ಮತದಾರ ಕೊಟ್ಟ ಶಿಕ್ಷೆ ಎಂದುಬಿಡುವುದು ಸುಲಭ. ಆದರೆ ಗೆದ್ದವರೂ ಪಕ್ಷ ಬದಲಿಸಿದವರೇ. 2023ರ ಕಾಂಗ್ರೆಸ್ ಅಲೆಯ ಪಾಲನ್ನೂ ಲೆಕ್ಕದಿಂದ ಬಿಡುವಂತಿಲ್ಲ. ಹಾಗಿದ್ದೂ ಅಲೆಯೊಂದೇ ಎಲ್ಲವನ್ನೂ ವಿವರಿಸದು ಎಂಬುದಕ್ಕೆ ಪಕ್ಕದ ಹನೂರೇ ಸಾಕ್ಷಿ. ಇಬ್ಬರ ನಡುವೆ ಇರುವ ವ್ಯತ್ಯಾಸ ಬೇರೆಯದು. ಕೃಷ್ಣಮೂರ್ತಿಯವರು ಪಕ್ಷ ಬದಲಿಸಿದ್ದು ಸೋತು ಬರಿಗೈಯಲ್ಲಿದ್ದಾಗ. ಮಹೇಶ್ ಬದಲಿಸಿದ್ದು ಜನ ಕೊಟ್ಟ ಓಟು ಕೈಯಲ್ಲಿದ್ದಾಗ. ಅಭ್ಯರ್ಥಿ ಯಾವ ಪಕ್ಷದಲ್ಲಿದ್ದಾನೆ ಎಂಬ ಬಗ್ಗೆ ಈ ಸೀಮೆಯ ಮತದಾರ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ತಾನು ಒಂದು ಗುರುತಿಗೆ ಒತ್ತಿದ ಮತ ಇನ್ನೊಂದು ಗುರುತಿಗೆ ಸಂದಾಯವಾದಾಗ ಮಾತ್ರ ಆತ ಕೆರಳುತ್ತಾನೆ. ಅದೂ ಬಿಎಸ್‌ಪಿಯಂಥ ಪಕ್ಷದ ವಿಷಯದಲ್ಲಿ ಈ ಕೆರಳಿಕೆ ಹೆಚ್ಚು, ಏಕೆಂದರೆ ಇಲ್ಲಿ ಮನೆತನಕ್ಕಲ್ಲದೆ ಒಂದು ವಿಚಾರಕ್ಕೆ ಬಿದ್ದ ಮತಗಳು ಹೆಚ್ಚಾಗಿ ಅದರವು.

ಹಣದ ಕಾಲುದಾರಿ

ಕಂಪನಿಗಳ ಹಣದ ಪ್ರಶ್ನೆಯಲ್ಲಿ ಅಮೆರಿಕ ಮತ್ತು ಭಾರತ ಒಂದೇ ದಾರಿಯಲ್ಲಿ ಹಿಂದುಮುಂದಾಗಿ ನಡೆದಿವೆ. ಅಮೆರಿಕ 1907ರ ಟಿಲ್‌ಮನ್ ಕಾಯ್ದೆಯಿಂದ ಚುನಾವಣೆಗೆ ಕಂಪನಿಗಳು ನೇರ ದೇಣಿಗೆ ಕೊಡುವುದನ್ನು ತಡೆಯಿತು. ಆದರೆ 2010ರ ಸಿಟಿಜನ್ಸ್ ಯುನೈಟೆಡ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 5–4ರ ಬಹುಮತದಿಂದ, ಅಭ್ಯರ್ಥಿಯ ಕೈಗೆ ಕೊಡದೆ ಸ್ವತಂತ್ರವಾಗಿ ಮಾಡುವ ಪ್ರಚಾರಕ್ಕೆ ಕಂಪನಿಗಳು ಎಷ್ಟಾದರೂ ಖರ್ಚು ಮಾಡಬಹುದೆಂದಿತು.

ನಮ್ಮಲ್ಲಿ 1957ರಲ್ಲೇ ಟಾಟಾ ಕಬ್ಬಿಣ ಮತ್ತು ಉಕ್ಕು ಕಂಪನಿಯ ರಾಜಕೀಯ ದೇಣಿಗೆಯ ಪ್ರಶ್ನೆ ಬಾಂಬೆ ಹೈಕೋರ್ಟಿನ ಮುಂದೆ ಬಂದಿತ್ತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅದಕ್ಕೆ ಅನುಮತಿ ಕೊಟ್ಟರು, ಜೊತೆಗೆ ಇದರಿಂದ ಪ್ರಜಾಪ್ರಭುತ್ವಕ್ಕೆ ಬರಬಹುದಾದ ಅಪಾಯದ ಬಗ್ಗೆ ಸಂಸತ್ತನ್ನೂ ಎಚ್ಚರಿಸಿದರು. 1969ರಲ್ಲಿ ಕಂಪನಿ ದೇಣಿಗೆ ನಿಷೇಧವಾಯಿತು. 1985ರಲ್ಲಿ ಆ ದೇಣಿಗೆಗೆ ಮತ್ತೆ ಅವಕಾಶ ಸಿಕ್ಕಿತು. 2013ರ ಕಂಪನಿ ಕಾಯ್ದೆ ಅದನ್ನು ಮೂರು ವರ್ಷದ ಸರಾಸರಿ ಲಾಭದ ಶೇ. 7.5ಕ್ಕೆ ಮಿತಿಗೊಳಿಸಿತು, 2017ರಲ್ಲಿ ಆ ಮಿತಿಯೂ ಹೋಯಿತು. 2018ರಲ್ಲಿ ಕೊಟ್ಟವರ ಹೆಸರು ಜನರಿಗೆ ತಿಳಿಯದ ಚುನಾವಣಾ ಬಾಂಡ್‌ಗಳು ಬಂದವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇಡೀ ಯೋಜನೆಯನ್ನೇ ಅಸಾಂವಿಧಾನಿಕವೆಂದಿತು. ಮತದಾರನ ತಿಳಿಯುವ ಹಕ್ಕು ಆ ತೀರ್ಪಿನ ತಳಹದಿ.

ಆ ಬಳಿಕ ಹೊರಬಂದ ದಾಖಲೆಗಳ ಪ್ರಕಾರ ಅತಿ ಹೆಚ್ಚು ಹಣ ಪಡೆದದ್ದು ಬಿಜೆಪಿ. ಅತಿ ಹೆಚ್ಚು ಬಾಂಡ್ ಕೊಂಡದ್ದು 1,368 ಕೋಟಿ ರೂಪಾಯಿ ತೊಡಗಿಸಿದ ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ. ಅದರ ನೆಲೆ ಕೊಯಮತ್ತೂರು, ಅಂದರೆ ಕೊಳ್ಳೇಗಾಲ ಒಂದು ಕಾಲಕ್ಕೆ ಸೇರಿದ್ದ ಜಿಲ್ಲೆಯ ಪಟ್ಟಣ. ಹನೂರು ಶಾಸಕರ ಪಕ್ಷವಾದ ಜೆಡಿಎಸ್ 89.75 ಕೋಟಿ ಪಡೆದಿತ್ತು. ಅದರಲ್ಲಿ 50 ಕೋಟಿ ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಕಂಪನಿಯದು. ದೇಣಿಗೆ ಕೊಟ್ಟವರ ಹೆಸರನ್ನು ಚುನಾವಣಾ ಆಯೋಗಕ್ಕೆ ತಾನೇ ತಿಳಿಸಿದ ಕೆಲವೇ ಪಕ್ಷಗಳಲ್ಲಿ ಜೆಡಿಎಸ್ ಒಂದು ಎಂಬುದನ್ನೂ ಹೇಳಬೇಕು. ದೇಣಿಗೆ ಕೊಟ್ಟ ಮಾತ್ರಕ್ಕೆ ಪ್ರತಿಫಲ ಸಿಕ್ಕಿತೆಂದು ಸಾಬೀತಾಗುವುದಿಲ್ಲ. ಆದರೆ 2023ರ ಮೇ ತಿಂಗಳಲ್ಲಿ ಅಜ್ಜೀಪುರದ ಮತಗಟ್ಟೆಯಲ್ಲಿ ಸಾಲು ನಿಂತವರಿಗೆ ಯಾವ ಪಕ್ಷದ ಹಿಂದೆ ಯಾರ ಹಣವಿದೆ ಎಂದು ತಿಳಿಯುವ ಹಾದಿ ಇರಲಿಲ್ಲ. ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿಯಿದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.

ಹಳ್ಳಿಯಲ್ಲಿ ಹಣದ ರಾಜಕೀಯ ಕಾಣಿಸುವುದು ಚುನಾವಣೆಯ ಹಿಂದಿನ ರಾತ್ರಿ ಮನೆ ಬಾಗಿಲಿಗೆ ಬರುವ ನೋಟಿನ ರೂಪದಲ್ಲಿ. ಬಾಂಡಿನ ಕೋಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ ಇಲ್ಲಿನ ಮಾತುಕತೆಯಲ್ಲಿ 'ದುಡ್ಡು ತಗೊಂಡ ಮತದಾರ'ನ ಮೇಲೆ ಬರುವ ದೂರು ದುಡ್ಡು ಕೊಟ್ಟ ಕಂಪನಿಯ ಮೇಲೆ ಬರುವುದಿಲ್ಲ. ಅಮೆರಿಕದ ಮತದಾರನ ನಿರಾಸೆಗೂ ಇಲ್ಲಿನವನ ನಿರಾಸೆಗೂ ಇರುವ ದೊಡ್ಡ ಅಂತರ ಇದು. ಅಮೆರಿಕದವನು ಹಣದ ಮೂಲವನ್ನು ದೂರುತ್ತಾನೆ, ಇಲ್ಲಿ ನಾವು ಅದರ ಕೊನೆಯ ಹನಿಯನ್ನು ದೂರುತ್ತೇವೆ.

ಪಕ್ಷವಿಲ್ಲದ ರಾಜಕೀಯದ ಪ್ರಯೋಗ

ಕಂಪನಿ ಮತ್ತು ಪಕ್ಷ ಎರಡನ್ನೂ ಒಟ್ಟಿಗೆ ಪ್ರಶ್ನಿಸಿದ ಚಳವಳಿ ಕರ್ನಾಟಕದಲ್ಲೇ ಇತ್ತು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘದ ಹೋರಾಟದಲ್ಲಿ ಅಧಿಕಾರಿಗಳು ಅನುಮತಿಯಿಲ್ಲದೆ ಊರೊಳಗೆ ಬರಬಾರದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಸಂಘ 1992ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿತು. 1998ರಲ್ಲಿ ಮಾನ್ಸಾಂಟೊ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿತು. ನಂಜುಂಡಸ್ವಾಮಿಯವರು ಕಟ್ಟಿದ ಅಮೃತಭೂಮಿ ಎಂಬ ಕೃಷಿ ಕೇಂದ್ರ ಇರುವುದು ಇದೇ ಜಿಲ್ಲೆಯ ಹೊಂಡರಬಾಳಿನಲ್ಲಿ. ಆದರೆ ಚುನಾವಣೆಯಲ್ಲಿ ಸಂಘಕ್ಕೆ ಸಿಕ್ಕಿದ್ದು ಬೆರಳೆಣಿಕೆಯ ಸ್ಥಾನಗಳು. ಹಸಿರು ಶಾಲು ಹೊದ್ದು ಮುಷ್ಕರಕ್ಕೆ ಬಂದ ರೈತನೇ ಮತಗಟ್ಟೆಯಲ್ಲಿ ಕಚೇರಿಗೆ ಜೊತೆ ಬರುವ ನಾಯಕನನ್ನು ಹುಡುಕಿದ.

ಬಹಿಷ್ಕಾರವೆಂಬ ಚೌಕಾಸಿ

ಈಗ ಇಂಡಿಗನತ್ತಕ್ಕೆ ಮರಳಬಹುದು. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಪೂಜೆಯ ಹಕ್ಕುಳ್ಳ ಬೇಡಗಂಪಣ ಸಮುದಾಯದವರು, ಸೋಲಿಗರು ಈ ಕಾಡಿನ ಊರುಗಳಲ್ಲಿ ತಲೆಮಾರುಗಳಿಂದ ಇದ್ದಾರೆ. 2013ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ರಸ್ತೆ, ಕರೆಂಟಿನ ಬೇಡಿಕೆ ಅರಣ್ಯ ಕಾನೂನಿನ ಕಡತದೊಳಕ್ಕೆ ಹೋಯಿತು. ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ತರುವುದು ಮಾತ್ರ ನಿಲ್ಲಲಿಲ್ಲ.

2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ 'ನೋಟಾ' ಬಂದಿದೆ. ಯಾರೂ ಬೇಡವೆನ್ನಲು ಕಾನೂನುಬದ್ಧ ಗುಂಡಿಯಿದ್ದರೂ ಕಾಡಿನ ಊರುಗಳು ಬಹಿಷ್ಕಾರವನ್ನೇ ಹಿಡಿಯುವುದೇಕೆ? ನೋಟಾ ಒತ್ತಿದರೆ ಅದು ಎಣಿಕೆಯ ಪಟ್ಟಿಯಲ್ಲಿ ಒಂದು ಅಂಕಿಯಾಗುತ್ತದೆ, ಅಷ್ಟೆ. ಬಹಿಷ್ಕಾರ ಸಾರಿದರೆ ಮತದಾನದ ಮುಂಚೆಯೇ ತಹಶೀಲ್ದಾರರು ಊರಿಗೆ ಬರುತ್ತಾರೆ, ಮಾತಾಡುತ್ತಾರೆ, ಬರೆದುಕೊಳ್ಳುತ್ತಾರೆ. ಐದು ವರ್ಷಕ್ಕೊಮ್ಮೆ ಸರ್ಕಾರ ಬೆಟ್ಟ ಹತ್ತುವ ದಿನ ಅದು. ಆ ದಿನಕ್ಕಿರುವ ಬೆಲೆ ಕಾಡಿನವರಿಗೆ ಗೊತ್ತು.

ಹಾಗೆಂದು ಇದನ್ನು ಕೊಂಡಾಡುವಂತಿಲ್ಲ. ಅದೇ ಮತಗಟ್ಟೆಗೆ ಸೇರಿದ ಮೆಂದಾರೆಯ ಸೋಲಿಗರ ಹಕ್ಕೂ ಆ ದಿನ ಇಂಡಿಗನತ್ತದವರ ಸಿಟ್ಟಿನಲ್ಲಿ ಸಿಕ್ಕಿಕೊಂಡಿತು. ಮತಗಟ್ಟೆ ಒಡೆದ ಮೇಲೆ ಮೊಕದ್ದಮೆ, ಬಂಧನಗಳಾಗಿ ಊರು ಬಹುಪಾಲು ಬರಿದಾಯಿತು. ಮರುಮತದಾನದಲ್ಲಿ ಹಾಕದೆ ಉಳಿದ ಮತಗಳಲ್ಲಿ ಎಷ್ಟು ಬಹಿಷ್ಕಾರದವು, ಎಷ್ಟು ಭಯದವು ಎಂದು ಬೇರ್ಪಡಿಸಲು ಬರುವುದಿಲ್ಲ.

ಸಮಾರೋಪ

ಅಮೆರಿಕದಲ್ಲಿ ನಿರಾಸೆಗೊಂಡವನು ಪಕ್ಷದ ಗುರುತನ್ನು ಕಳಚುತ್ತಾನೆ, ಆದರೂ ಎರಡೇ ಪಕ್ಷಗಳ ನಡುವೆ ಆರಿಸಬೇಕಾಗುತ್ತದೆ, ಇಲ್ಲವೇ ಮನೆಯಲ್ಲಿ ಉಳಿಯುತ್ತಾನೆ. ಹನೂರು–ಕೊಳ್ಳೇಗಾಲದಲ್ಲಿ ಪಕ್ಷದ ಗುರುತು ಮೊದಲಿನಿಂದಲೂ ತೆಳುವು. ಆದ್ದರಿಂದ ನಿರಾಸೆಯ ರೂಪವೂ ಬೇರೆ. ಪಕ್ಷೇತರನ ಗೆಲುವು, ಮನೆತನಗಳ ಸೋಲು, ಕೈಯಲ್ಲಿದ್ದ ಮತವನ್ನು ಬೇರೆಡೆಗೆ ಒಯ್ದವರ ಸೋಲು, ಕೊನೆಗೆ ಬಹಿಷ್ಕಾರ: ನಾಲ್ಕರಲ್ಲೂ ಮತದ ಬೆಲೆಯನ್ನು ಕಾಪಾಡಿಕೊಳ್ಳುವ ಯತ್ನ ಕಾಣುತ್ತದೆ. ಈ ಚೌಕಾಸಿ ಶಾಸಕರವರೆಗೆ, ಹೆಚ್ಚೆಂದರೆ ತಹಶೀಲ್ದಾರರವರೆಗೆ ಮುಟ್ಟುತ್ತದೆ. ಬಾಂಡ್ ಕೊಂಡವರವರೆಗೆ ಅದು ಮುಟ್ಟುವುದಿಲ್ಲ.

2025ರ ಏಪ್ರಿಲ್ 24ರಂದು ರಾಜ್ಯದ ಸಚಿವ ಸಂಪುಟವೇ ಮಲೆ ಮಹದೇಶ್ವರ ಬೆಟ್ಟದಲ್ಲಿ ಸಭೆ ಸೇರಿತು. ಮತಯಂತ್ರ ಒಡೆದು ಆಗ ಒಂದು ವರ್ಷಕ್ಕೆ ಎರಡು ದಿನ ಕಡಿಮೆ.